ಚಂದ್ರಗಿರಿಯ ಈಚೆಯ ದಡ

ನವೆಂಬರ್ ತಿಂಗಳ ಮೊದಲನೆಯ ದಿನ ನಮ್ಮ ಜಿಲ್ಲೆಗೆ ಎರಡು ಹಬ್ಬ. 1956ರ ಆ ದಿನ ಕನ್ನಡಿಗರೆಲ್ಲರ ಕನಸಾಗಿದ್ದ ವಿಶಾಲ ಮೈಸೂರು ರಾಜ್ಯ ಉದಯಿಸಿತು. ಅದೇ ದಿನ ಕೇರಳ ರಾಜ್ಯವೂ ಜನಿಸಿತು. ಬೆಂಗಳೂರಿನಲ್ಲಿ ಭುವನೇಶ್ವರಿಯ ಮೆರವಣಿಗೆ ಹೊರಡುವ ಹೊತ್ತಿಗೆ ನಮ್ಮೂರಿನ ಶಾಲೆಯ ಅಂಗಳದಲ್ಲಿ ‘ಕೇರಳ ಪಿರವಿ’ಯ ಭಾಷಣ ನಡೆಯುತ್ತಿರುತ್ತದೆ. ಒಂದು ನಮ್ಮ ಭಾಷೆಯ ಹಬ್ಬ, ಇನ್ನೊಂದು ನಾವು ಹುಟ್ಟಿ ಬೆಳೆದ ರಾಜ್ಯದ ಹಬ್ಬ. ಎರಡರಲ್ಲಿಯೂ ನಮಗೆ ದೊರೆಯುವುದು ಅತಿಥಿಗಳ ಸಾಲಿನ ಕುರ್ಚಿಯೇ.

ಕಾಸರಗೋಡಿನ ಕನ್ನಡಿಗನನ್ನು ‘ತಮ್ಮದು ಯಾವ ರಾಜ್ಯ?’ ಎಂದು ಕೇಳಿದರೆ ಉತ್ತರವು ಒಂದೇ ಮಾತಿನಲ್ಲಿ ಬರುವುದಿಲ್ಲ. ‘ಕೇರಳ’ ಎಂದರೆ ಕೇಳಿದವರು ಮಲಯಾಳದಲ್ಲಿ ಮಾತು ಮುಂದುವರಿಸುತ್ತಾರೆ. ‘ಕರ್ನಾಟಕ’ ಎಂದರೆ ಸುಳ್ಳಾಗುತ್ತದೆ. ಆದುದರಿಂದ ನಮ್ಮವರು ರಾಜ್ಯದ ಹೆಸರನ್ನೇ ಎತ್ತದೆ ‘ಮಂಗಳೂರಿನ ಹತ್ತಿರ’ ಎಂದು ಹೇಳಿ ಪಾರಾಗುವುದುಂಟು. ಆ ಒಂದು ಉತ್ತರದೊಳಗೆ ಎಷ್ಟೊಂದು ಕೃತಜ್ಞತೆ, ಎಷ್ಟೊಂದು ಮುನಿಸು, ಎಷ್ಟೊಂದು ನಾಚಿಕೆ ಅಡಗಿರುತ್ತದೆಂಬುದನ್ನು ಹೊರಗಿನವರಿಗೆ ತಿಳಿಸುವುದು ಕಷ್ಟ. ಆದರೂ ಯತ್ನಿಸಬೇಕೆನಿಸಿದೆ. ಈ ರಾಜ್ಯದ ಖಜಾನೆಯಿಂದ ಸಂಬಳ ಪಡೆದು ಮೂರು ದಶಕ ಕನ್ನಡ ಕಲಿಸಿದವನಿಗೆ ಅಷ್ಟು ಅಧಿಕಾರವಿದೆಯೆಂದು ಭಾವಿಸುತ್ತೇನೆ.

ಹಿನ್ನೆಲೆಯನ್ನರಿಯದ ವಾಚಕರಿಗಾಗಿ ನಾಲ್ಕು ಮಾತು. 1956ರವರೆಗೆ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕಾಗಿದ್ದಿತು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಈ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ಆ ತಾಲ್ಲೂಕನ್ನು ಕೇರಳಕ್ಕೆ ಸೇರಿಸಬೇಕೆಂದು ಹೇಳಿತು. ಮಲಯಾಳ ಮಾತನಾಡುವವರೇ ಅಲ್ಲಿ ಬಹುಸಂಖ್ಯಾತರೆಂಬುದು ಅದರ ಆಧಾರ. ಇಡಿಯ ತಾಲ್ಲೂಕನ್ನು ಒಂದೇ ಗಂಟಾಗಿ ಎಣಿಸಿದರೆ ಆ ಲೆಕ್ಕ ಸರಿಯೇ. ಆದರೆ ತಾಲ್ಲೂಕಿನ ನಡುವೆ ಚಂದ್ರಗಿರಿ ಹೊಳೆ ಹರಿಯುತ್ತದೆ. ತುಳುನಾಡು ಮುಗಿದು ಮಲಯಾಳದೇಶ ಆರಂಭವಾಗುವುದು ಆ ಹೊಳೆಯಿಂದ ಎಂಬುದು ತಲೆತಲಾಂತರದಿಂದ ಬಂದ ಗಡಿಮಾತು. ಹೊಳೆಯ ಬಡಗಣ ದಡವನ್ನಾದರೂ ಕನ್ನಡನಾಡಿಗೆ ಉಳಿಸಿ ಎಂದು ನಮ್ಮ ಹಿರಿಯರು ಕೇಳಿದರು. ಅವರ ಮಾತನ್ನು ಒಪ್ಪಿದ ಆಯೋಗವೂ ಒಂದು ಬಂದಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷ ನೀಡಿದ ವರದಿಯಲ್ಲಿ ಚಂದ್ರಗಿರಿಯ ಉತ್ತರಭಾಗ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದಿತು. ಆ ಮಾತು ಕಾಗದದ ಮೇಲೆಯೇ ಉಳಿಯಿತು. ವರದಿಯ ಮುಖ್ಯ ವಿಷಯ ಬೆಳಗಾವಿಯಾಗಿದ್ದುದರಿಂದ ವಾದವಿವಾದಗಳೆಲ್ಲ ಆ ಕಡೆಗೇ ಹರಿದುವು. ಕಾಸರಗೋಡಿನ ಪುಟಗಳನ್ನು ತೆರೆದವರು ಕಡಿಮೆ.

ಮಂಜೇಶ್ವರದ ಗೋವಿಂದ ಪೈಗಳನ್ನು ನೆನೆಯಿರಿ. 1949ರಲ್ಲಿ ಮದರಾಸು ಸರ್ಕಾರ ಅವರಿಗೆ ರಾಷ್ಟ್ರಕವಿ ಪದವಿಯಿತ್ತು ಗೌರವಿಸಿತು. ಏಳು ವರ್ಷ ಕಳೆಯುವುದರೊಳಗೆ, ಅವರು ಮನೆಯ ಹೊಸ್ತಿಲು ದಾಟದೆಯೇ, ಮನೆ ಕೇರಳಕ್ಕೆ ಹೋಯಿತು. 1963ರಲ್ಲಿ ಅವರು ತೀರಿಕೊಂಡಾಗ ಕನ್ನಡದ ಮೊದಲ ರಾಷ್ಟ್ರಕವಿ ಕೇರಳದ ಪ್ರಜೆಯಾಗಿದ್ದರು. ಕರ್ನಾಟಕದವರು ನಮ್ಮನ್ನು ‘ಹೊರನಾಡ ಕನ್ನಡಿಗರು’ ಎಂದು ಕರೆಯುವಾಗಲೆಲ್ಲ ನನಗೆ ಪೈಗಳ ಮನೆಯ ಹೊಸ್ತಿಲು ನೆನಪಾಗುತ್ತದೆ. ಮುಂಬಯಿಗೆ ಹೋದವರು ಹೊರನಾಡಿಗರು, ದಿಲ್ಲಿಗೆ ಹೋದವರು ಹೊರನಾಡಿಗರು. ನಾವು ಎಲ್ಲಿಗೆ ಹೋದೆವು?

ಇದು ನಮ್ಮ ದೂರಿನ ಒಂದು ಭಾಗ. ಇಷ್ಟನ್ನೇ ಹೇಳಿ ನಿಲ್ಲಿಸುವ ಭಾಷಣಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಆದರೆ ನಾನು ಹುಟ್ಟಿದುದು ರಾಜ್ಯ ಹುಟ್ಟಿದ ಎರಡು ವರ್ಷಗಳ ತರುವಾಯ. ಕಳೆದುಕೊಂಡ ಮನೆಯ ನೆನಪು ನನ್ನದಲ್ಲ, ನನ್ನ ಮೇಷ್ಟರುಗಳದು. ನನ್ನ ನೆನಪುಗಳೆಲ್ಲ ಕೇರಳದವು.

ಕುಂಬಳೆಯ ಹೊಳೆಗೆ ಒತ್ತಿದ ಊರು ನಮ್ಮದು. ಮನೆಯಲ್ಲಿ ತುಳು, ನೆರೆಯ ಭಟ್ಟರ ಮನೆಯಲ್ಲಿ ಹವ್ಯಕ ಕನ್ನಡ, ತೋಡಿನಾಚೆ ಬ್ಯಾರಿ, ಪೇಟೆಯಲ್ಲಿ ಮಲಯಾಳ, ಮೀನು ಕೊಳ್ಳುವಲ್ಲಿ ಇವೆಲ್ಲದರ ಕಲಬೆರಕೆ. ಕನ್ನಡವು ಶಾಲೆಯ ಭಾಷೆ, ಯಕ್ಷಗಾನದ ಭಾಷೆ, ಆಮಂತ್ರಣಪತ್ರಿಕೆಯ ಭಾಷೆ. ಗದ್ದೆಯಲ್ಲಿ ತಪ್ಪು ಮಾಡಿದ ಎತ್ತನ್ನು ತುಳುವಿನಲ್ಲಿ ಬಯ್ದು, ಮನೆಗೆ ಬಂದ ಮೇಲೆ ರಾವಣನ ಅರ್ಥವನ್ನು ಸ್ವಚ್ಛ ಕನ್ನಡದಲ್ಲಿ ಹೇಳುವವರು ನಮ್ಮ ಊರಿನಲ್ಲಿ ಈಗಲೂ ಇದ್ದಾರೆ. ತೆಂಕುತಿಟ್ಟಿನ ಪ್ರಸಂಗಗಳ ಆದಿಕವಿಯೆನಿಸಿದ ಪಾರ್ತಿಸುಬ್ಬ ಕುಂಬಳೆಯ ಸೀಮೆಯವನು. ಹೀಗೆ ನಮ್ಮ ಕನ್ನಡವು ಮಾತಿಗಿಂತ ಮಿಗಿಲಾಗಿ ಒಂದು ವ್ರತದಂತೆ ಇದ್ದಿತು. ಅದನ್ನು ಕಳೆದುಕೊಳ್ಳುವ ಭಯ ದೊಡ್ಡದಾಗಲು ಇದೂ ಒಂದು ಕಾರಣವಿರಬಹುದು.

ನನ್ನ ತಂದೆ ಚಾಲಗೇಣಿಯ ಒಕ್ಕಲು. ಎರಡು ಬೆಳೆಯ ಗದ್ದೆ, ಸ್ವಲ್ಪ ಗುಡ್ಡೆ, ಎಲ್ಲವೂ ಧಣಿಗಳದು. ಧಣಿಗಳು ಕೆಟ್ಟವರಲ್ಲ. ಆದರೂ ಅವರ ಅಂಗಳದಲ್ಲಿ ತಂದೆ ಎಂದೂ ಕುಳಿತುದನ್ನು ನಾನು ಕಾಣಲಿಲ್ಲ. ಚಾಲಗೇಣಿಯೆಂದರೆ ವರ್ಷದ ಮಾತು. ಧಣಿಗಳ ಮನಸ್ಸು ತಿರುಗಿದರೆ ಮಳೆಗಾಲಕ್ಕೆ ಮುಂಚೆಯೇ ಮನೆ ಬಿಡಬೇಕಾಗುತ್ತಿತ್ತು. ಧಣಿಗಳು ಕನ್ನಡಾಭಿಮಾನಿಗಳು, ವಿಲೀನೀಕರಣದ ಸಭೆಗಳಿಗೆ ಧನಸಹಾಯ ಮಾಡಿದವರು. ಸಭೆಗೆ ಬರಬೇಕೆಂದು ಒಕ್ಕಲುಗಳಿಗೆ ಹೇಳಿಕಳುಹಿಸಿದರೆ ತಂದೆಯೂ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಜಯಕಾರ ಹಾಕಿ ಬರುತ್ತಿದ್ದರು.

1970ರ ಜನವರಿ 1ರಂದು ಕೇರಳದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತು. ಅಂದಿನಿಂದ ಗೇಣಿಯೆಂಬುದೇ ಇಲ್ಲವಾಯಿತು. ಉಳುತ್ತಿದ್ದ ಭೂಮಿ ಒಕ್ಕಲಿನದು. ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವನಿಗೆ ಪಂಚಾಯತಿನ ಪ್ರದೇಶದಲ್ಲಿ ಹತ್ತು ಸೆಂಟ್ಸಿನವರೆಗೆ ಜಾಗ. ಭೂನ್ಯಾಯಮಂಡಳಿಯ ಮುಂದೆ ನಿಂತು, ಹೆಬ್ಬೆಟ್ಟು ಒತ್ತಿ, ತಂದೆ ಪಟ್ಟೆಯ ಕಾಗದವನ್ನು ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ಆ ಕಾಗದವು ಮಲಯಾಳದಲ್ಲಿದ್ದಿತು. ಮನೆಯಲ್ಲಿ ಯಾರಿಗೂ ಓದಲು ಬಾರದು. ಪೇಟೆಯ ಒಬ್ಬ ಮಾಪಿಳ್ಳೆ ವ್ಯಾಪಾರಿ ಓದಿ ಹೇಳಿದರು. ಓದಲಾಗದ ಆ ಕಾಗದವನ್ನು ತಂದೆ ದೇವರ ಪಟದ ಹಿಂದೆ ಇರಿಸಿದರು.

ಗಡಿಯಾಚೆ, ತಲಪಾಡಿಯಿಂದ ಮುಂದೆ, ನಮ್ಮ ಸೋದರಮಾವನೂ ಒಕ್ಕಲೇ. ಕರ್ನಾಟಕದಲ್ಲಿ ಅಂಥ ಕಾಯಿದೆ ಜಾರಿಗೆ ಬಂದುದು 1974ರ ಮಾರ್ಚಿ 1ರಂದು. ನಾಲ್ಕು ವರ್ಷ ಬಹಳವಲ್ಲವೆಂದು ಈಗ ತೋರುತ್ತದೆ. ಆದರೆ ಆ ನಾಲ್ಕು ವರ್ಷಗಳ ನಡುವೆಯೇ ಮಾವ ಹಿಡಿದಿದ್ದ ಗದ್ದೆ ಕೈಬಿಟ್ಟುಹೋಯಿತು. ಮಾವ ನಮ್ಮ ಮನೆಗೆ ಬಂದಾಗ ಕನ್ನಡ ರಾಜ್ಯದಲ್ಲಿರುವುದರ ಭಾಗ್ಯವನ್ನು ಕುರಿತು ಯಾರೂ ಮಾತೆತ್ತುತ್ತಿರಲಿಲ್ಲ.

ನಮ್ಮ ಶಾಲೆಯಲ್ಲಿ ಮೇಷ್ಟರು ಏಕೀಕರಣದಲ್ಲಿ ನಮಗಾದ ಅನ್ಯಾಯವನ್ನು ಹೇಳಿ ಕಣ್ಣೀರು ತಂದುಕೊಳ್ಳುತ್ತಿದ್ದರು. ಅದೇ ಮೇಷ್ಟರ ಸಂಬಳವು 1958ರ ಕೇರಳ ಶಿಕ್ಷಣ ಕಾಯಿದೆಯ ಪ್ರಕಾರ ಸರ್ಕಾರಿ ಖಜಾನೆಯಿಂದ ನೇರವಾಗಿ ಬರುತ್ತಿದ್ದಿತು; ಅದಕ್ಕೆ ಮುಂಚೆ ಖಾಸಗಿ ಶಾಲೆಯ ಮೇಷ್ಟರುಗಳು ಮ್ಯಾನೇಜರರ ಮರ್ಜಿಯನ್ನು ಕಾಯಬೇಕಾಗಿದ್ದಿತು. ನಮಗೆ ಮಧ್ಯಾಹ್ನ ಉಪ್ಪಿಟ್ಟು ಬಡಿಸುತ್ತಿದ್ದರು, ಮಲಯಾಳದ ‘ಉಪ್ಪುಮಾವು’. ಎಷ್ಟೋ ಹುಡುಗರು ಅದಕ್ಕಾಗಿಯೇ ಶಾಲೆಗೆ ಬಂದು, ಬಂದುದರಿಂದ ಕನ್ನಡ ಕಲಿತರು. ನಾನು ಮೇಷ್ಟರ ಕಣ್ಣೀರನ್ನೂ ನಂಬಿದೆ, ತಂದೆಯ ಪಟ್ಟೆಯನ್ನೂ ನಂಬಿದೆ. ಇವೆರಡೂ ಒಂದನ್ನೊಂದು ಸುಳ್ಳುಮಾಡುತ್ತವೆಂದು ಆಗ ಹೊಳೆಯಲಿಲ್ಲ. ಈಗಲೂ ನನಗೆ ಹಾಗೆ ಅನ್ನಿಸುವುದಿಲ್ಲ.

ಈ ಭೂಮಿಯ ಕತೆಗೆ ಇನ್ನೊಂದು ಮುಖವುಂಟು, ಅದು ನ್ಯಾಯಶಾಸ್ತ್ರದ ಗ್ರಂಥಗಳಿಗೆ ಸೇರಿದೆ. ತಂದೆಗೆ ಗದ್ದೆ ಕೊಡಿಸಿದ ಅದೇ ಕಾಯಿದೆಯ ವಿರುದ್ಧ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ಮಂದಿ ನ್ಯಾಯಾಧೀಶರು ಅರುವತ್ತೆಂಟು ದಿನ ವಾದವನ್ನು ಆಲಿಸಿದರು. 1973ರ ಏಪ್ರಿಲ್ 24ರಂದು, ಏಳಕ್ಕೆ ಆರರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಪಾರ್ಲಿಮೆಂಟು ಬದಲಿಸಲಾರದೆಂಬ ತೀರ್ಪು ಬಂದಿತು. ಮಠಕ್ಕೆ ಭೂಮಿಯ ವಿಷಯದಲ್ಲಿ ದೊರೆತ ಪ್ರಯೋಜನ ಕಡಿಮೆ; ದೇಶಕ್ಕೆ ದೊರೆತ ರಕ್ಷೆ ದೊಡ್ಡದು. ಯಕ್ಷಗಾನವನ್ನು ಪ್ರೀತಿಸಿದ, ಸ್ವತಃ ಹಾಡುತ್ತಿದ್ದ ಆ ಕನ್ನಡದ ಸ್ವಾಮಿಗಳ ಹೆಸರು ದೇಶದ ವಕೀಲರೆಲ್ಲರಿಗೂ ಬಾಯಿಪಾಠವಾಗಿದೆ. ಪ್ರಕರಣದ ಪೂರ್ಣ ಹೆಸರಿನಲ್ಲಿ ಅವರ ಎದುರುಪಕ್ಷದಲ್ಲಿ ನಿಂತಿರುವುದು ‘ಕೇರಳ ರಾಜ್ಯ’. ಸ್ವಾಮಿಗಳು 2020ರಲ್ಲಿ ಮುಕ್ತರಾದಾಗ ನಮ್ಮ ಊರಿನಲ್ಲಿ ಧಣಿಗಳ ಮೊಮ್ಮಕ್ಕಳೂ ಒಕ್ಕಲುಗಳ ಮೊಮ್ಮಕ್ಕಳೂ ಒಂದೇ ದುಃಖದಿಂದ ಮಾತನಾಡಿಕೊಂಡುದನ್ನು ಕೇಳಿದೆ.

ಕೃತಜ್ಞತೆಯ ಪಟ್ಟಿ ಇನ್ನೂ ಉದ್ದವಾದೀತು. 2011ರ ಜನಗಣತಿಯಂತೆ ಕೇರಳದ ಸಾಕ್ಷರತೆ ನೂರಕ್ಕೆ 94, ಕರ್ನಾಟಕದ್ದು 75ಕ್ಕೆ ತುಸು ಮೇಲೆ. ಪ್ರತಿ ಊರಿನಲ್ಲೂ ಒಂದು ಗ್ರಂಥಾಲಯ, ಸಂಜೆ ಪತ್ರಿಕೆ ಓದುವ ಕೂಲಿಕಾರ, ಪ್ರಶ್ನೆ ಕೇಳಲು ಹೆದರದ ಹೆಂಗಸರು; ಇವುಗಳ ನಡುವೆ ಬೆಳೆದವನಿಗೆ ಮುಂದೆ ಬೇರೆ ಕಡೆ ಅಧಿಕಾರಿಗಳ ಮುಂದೆ ಕೈಕಟ್ಟಿ ನಿಂತ ಜನರನ್ನು ಕಂಡಾಗ ಸೋಜಿಗವಾಗುತ್ತದೆ. ನಮ್ಮ ನಡೆನುಡಿಯಲ್ಲಿ ಕೇರಳವಿದೆ. ಮಂಗಳೂರಿನ ನೆಂಟರು ನಮ್ಮನ್ನು ‘ವಾದ ಮಾಡುವವರು’ ಎಂದು ನಗುವುದು ಸುಮ್ಮನೆ ಅಲ್ಲ.

ಇನ್ನು ಮುನಿಸಿನ ವಿಷಯ. ಇದು ದೊಡ್ಡ ದೊಡ್ಡ ಅನ್ಯಾಯಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಸಣ್ಣ ಸಣ್ಣ ಸಂಗತಿಗಳಲ್ಲಿ ಇರುತ್ತದೆ. 1969ರ ಕೇರಳ ರಾಜಭಾಷಾ ಕಾಯಿದೆಯಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಬಹುದೆಂದು ಬರೆದಿದೆ. ಬಹಳ ಒಳ್ಳೆಯ ಕಾಯಿದೆ. ನಾನು ಒಂದು ಕಚೇರಿಗೆ ಕನ್ನಡದಲ್ಲಿ ಬರೆದ ಅರ್ಜಿಯು ಮೂರು ತಿಂಗಳ ಬಳಿಕ ‘ಓದಲಾಗಲಿಲ್ಲ’ ಎಂಬ ಮಲಯಾಳದ ಷರಾದೊಡನೆ ಹಿಂದಿರುಗಿತು. ಅಲ್ಲಿನ ಗುಮಾಸ್ತರು ಸಜ್ಜನರು, ತ್ರಿಶ್ಶೂರಿನ ಕಡೆಯವರು. ಕಾಸರಗೋಡಿಗೆ ವರ್ಗವಾದುದನ್ನು ಶಿಕ್ಷೆಯೆಂದು ಎಣಿಸಿ, ಹಿಂದಿರುಗುವ ದಿನವನ್ನು ಕಾಯುತ್ತಿದ್ದವರು. ಅವರ ಮೇಲೆ ಕೋಪಿಸಿಕೊಳ್ಳಲಾಗಲಿಲ್ಲ. ‘ಮಾಷೇ, ಮಲಯಾಳದಲ್ಲಿ ಬರೆದುಕೊಡಿ, ಇಂದೇ ಮಾಡಿಕೊಡುತ್ತೇನೆ’ ಎಂದರು. ಬರೆದುಕೊಟ್ಟೆ. ಅಂದೇ ಮಾಡಿಕೊಟ್ಟರು.

ಕನ್ನಡ ಮಾಧ್ಯಮದ ತರಗತಿಗೆ ಕನ್ನಡವರಿಯದ ಅಧ್ಯಾಪಕರನ್ನು ನೇಮಿಸಿದ ಪ್ರಕರಣಗಳು ನಮ್ಮಲ್ಲಿ ಒಂದೆರಡಲ್ಲ. ರಿಷಬ್ ಶೆಟ್ಟಿಯವರು 2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯನ್ನು ಕುರಿತ ಚಲನಚಿತ್ರವನ್ನು ತೆಗೆದಾಗ ಕರ್ನಾಟಕದ ಪ್ರೇಕ್ಷಕರು ನಕ್ಕು ಮೆಚ್ಚಿದರು. ನಾವು ಪಕ್ಕದವರ ಮುಖ ನೋಡಿಕೊಂಡೆವು. 2017ರಲ್ಲಿ ಮಲಯಾಳವನ್ನು ರಾಜ್ಯದ ಶಾಲೆಗಳೆಲ್ಲ ಕಲಿಸಬೇಕೆಂಬ ಕಾಯಿದೆ ಬಂದಾಗ ಮತ್ತೆ ಸಭೆಗಳು ನಡೆದುವು. ಮಲಯಾಳ ಕಲಿಯುವುದರಲ್ಲಿ ನಷ್ಟವಿದೆಯೆಂದು ನಾನು ಹೇಳಲಾರೆ. ಮಲಯಾಳ ಬಂದವನಿಗೇ ಇಲ್ಲಿ ಉದ್ಯೋಗ. ನನ್ನ ನೋವು ಬೇರೆ. ನನ್ನ ಕೊನೆಯ ವರ್ಷಗಳಲ್ಲಿ ತರಗತಿಗೆ ಬರುತ್ತಿದ್ದ ಮಕ್ಕಳ ಸಂಖ್ಯೆ ವರ್ಷವರ್ಷವೂ ಇಳಿಯಿತು. ಅವರನ್ನು ಬಿಡಿಸಿ ಇಂಗ್ಲಿಷ್ ಶಾಲೆಗೋ ಮಲಯಾಳ ಶಾಲೆಗೋ ಕಳುಹಿಸಿದವರು ಕೇರಳದ ಮಂತ್ರಿಗಳಲ್ಲ, ರಾಜ್ಯೋತ್ಸವದ ದಿನ ನನ್ನೊಡನೆ ಕನ್ನಡದ ಬಾವುಟವನ್ನು ಹಿಡಿದ ತಂದೆತಾಯಿಗಳೇ.

ಮುನಿಸಿನಲ್ಲಿ ಭಾಷೆಗೆ ಸಂಬಂಧಿಸದ ಒಂದು ದೊಡ್ಡ ಸಂಗತಿಯೂ ಇದೆ. ಎಣ್ಮಕಜೆ, ಪಡ್ರೆ, ಬೆಳ್ಳೂರು ಈ ಕಡೆಯ ಗುಡ್ಡಗಳಲ್ಲಿ ಸರ್ಕಾರಿ ಸ್ವಾಮ್ಯದ ಗೇರು ತೋಟಗಳಿವೆ. ಅವುಗಳ ಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷವನ್ನು ಸಿಂಪಡಿಸಲಾಯಿತು. ಆರೋಗ್ಯಕ್ಕೆ ಹೆಸರಾದ ರಾಜ್ಯದ ಮೂಲೆಯಲ್ಲಿ ತಲೆ ದೊಡ್ಡದಾದ, ಕೈಕಾಲು ಸೊಟ್ಟಗಾದ ಮಕ್ಕಳು ಹುಟ್ಟಿದುವು. ಪಡ್ರೆಯ ಬಳಿಯ ವಾಣಿನಗರದ ವೈದ್ಯ ಮೋಹನಕುಮಾರರೂ ಪತ್ರಕರ್ತ ಶ್ರೀಪಡ್ರೆಯವರೂ ಕನ್ನಡದಲ್ಲಿ ಕೂಗಿದರು. ಚಂದ್ರಗಿರಿಯಾಚೆ ಪೆರಿಯದ ಲೀಲಾಕುಮಾರಿ ಅಮ್ಮ ಮಲಯಾಳದಲ್ಲಿ ಕೂಗಿ ಕೋರ್ಟಿಗೆ ಹೋದರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ನಿಷೇಧಿಸಿತು. 2017ರಲ್ಲಿ ಪೀಡಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದಿತು. ತಿರುವನಂತಪುರಕ್ಕೆ ಇಲ್ಲಿಂದ ಐನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರವೆಂಬುದನ್ನು ನಮ್ಮ ಭಾಗದವರು ಕಲಿತುದು ಭೂಗೋಳದ ಪಾಠದಿಂದಲ್ಲ.

ಮಂಗಳೂರಿಗಾದರೋ ಕೇವಲ ಐವತ್ತು ಕಿಲೋಮೀಟರು. ಹೆರಿಗೆಗೆ ಮಂಗಳೂರು, ಹೃದಯಕ್ಕೆ ಮಂಗಳೂರು, ಮೂತ್ರಪಿಂಡಕ್ಕೆ ಮಂಗಳೂರು. ನಮ್ಮ ಜಿಲ್ಲೆಯಲ್ಲಿ ಮೆಡಿಕಲ್ ಕಾಲೇಜಿಗೆ ಉಕ್ಕಿನಡ್ಕದಲ್ಲಿ ಕಲ್ಲು ಹಾಕಿದುದು 2013ರಲ್ಲಿ. ಆರು ವರ್ಷ ಕಳೆದರೂ ಅದು ಆಸ್ಪತ್ರೆಯಾಗಿರಲಿಲ್ಲ. ನಮಗೇನೂ ಚಿಂತೆಯಿರಲಿಲ್ಲ. ಕೇರಳ ಕೊಡದಿದ್ದರೆ ಕನ್ನಡನಾಡು ಹತ್ತಿರವೇ ಇದೆಯಲ್ಲ!

2020ರ ಮಾರ್ಚಿಯಲ್ಲಿ ಕೋವಿಡ್ ಬಂದಿತು, ಕಾಸರಗೋಡಿನಲ್ಲಿ ಮೊದಮೊದಲು ಬಹಳ ಬಂದಿತು. ಕರ್ನಾಟಕವು ಗಡಿಯನ್ನು ಮುಚ್ಚಿತು. ತಲಪಾಡಿಯಲ್ಲಿ ಪೊಲೀಸರು ನಿಂತರು. ಒಳಗಿನ ರಸ್ತೆಗಳಿಗೆ ಅಡ್ಡಲಾಗಿ ಮಣ್ಣು ಸುರಿದರು. ಡಯಾಲಿಸಿಸಿಗೆ ಹೋಗಬೇಕಾದವರು, ಎದೆನೋವಿನವರು, ಆಂಬುಲೆನ್ಸಿನಲ್ಲಿ ಗಡಿಯವರೆಗೆ ಹೋಗಿ ಹಿಂದಿರುಗಿದರು. ಚಿಕಿತ್ಸೆ ದೊರೆಯದೆ ಹಲವರು ಸತ್ತರೆಂದು ಆ ದಿನಗಳ ಪತ್ರಿಕೆಗಳು ಬರೆದುವು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ತೆರೆಸಬೇಕೆಂದು ಆಜ್ಞೆ ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳ ಸಂಚಾರಕ್ಕೆ ಒಂದು ಏರ್ಪಾಡಾಯಿತೆಂದು ಅಲ್ಲಿ ಮುಗಿಯಿತು. ಅತ್ತ ತಿರುವನಂತಪುರದ ಮೆಡಿಕಲ್ ಕಾಲೇಜಿನಿಂದ ವೈದ್ಯರ ತಂಡವೊಂದು ರಾಜ್ಯದ ಉದ್ದಕ್ಕೂ ರಸ್ತೆಯಲ್ಲಿ ಬಂದು, ಉಕ್ಕಿನಡ್ಕದ ಪೂರ್ಣಗೊಳ್ಳದ ಕಟ್ಟಡದಲ್ಲಿ ಕೋವಿಡ್ ಆಸ್ಪತ್ರೆಯನ್ನು ತೆರೆಯಿತು.

ಆ ಮಣ್ಣಿನ ರಾಶಿಗಳನ್ನು ಕುರಿತು ನಮ್ಮೂರಿನ ಹಿರಿಯರೊಬ್ಬರು ನನ್ನೊಡನೆ ಮಾತನಾಡಿದುದುಂಟು. 1967ರಲ್ಲಿ ಮಹಾಜನ ವರದಿಗಾಗಿ ಪಟಾಕಿ ಸಿಡಿಸಿದವರು ಅವರು. ಅವರ ಮನೆಯಾಕೆಗೆ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್ ನಡೆಯುತ್ತಿದ್ದಿತು. ‘ಭಯದಿಂದ ಮಾಡಿದರು ಮಾಷ್ಟ್ರೇ, ದ್ವೇಷದಿಂದಲ್ಲ’ ಎಂದು ಕರ್ನಾಟಕದ ಪರವಾಗಿ ವಾದಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದರೂ ಜೆಸಿಬಿಯವನು ತುಳುವಿನಲ್ಲಿ ಮಾತನಾಡುತ್ತಿದ್ದ’ ಎಂದರು.

ದೇವಕಿ ಮತ್ತು ಯಶೋದೆಯರ ಉಪಮೆ ನಮ್ಮ ಭಾಷಣಕಾರರಿಗೆ ಬಹಳ ಪ್ರಿಯವಾದುದು. ಹೆತ್ತವಳು ಕನ್ನಡಾಂಬೆ, ಸಾಕಿದವಳು ಕೇರಳಮಾತೆ. ಕೇಳಲು ಇಂಪಾಗಿದೆ, ಚಪ್ಪಾಳೆಯೂ ಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಯಶೋದೆಯು ಕೃಷ್ಣನ ಅರ್ಜಿಯನ್ನು ಹಿಂದಿರುಗಿಸಲಿಲ್ಲ, ದೇವಕಿಯು ಬಾಗಿಲಿಗೆ ಮಣ್ಣು ಸುರಿಯಲಿಲ್ಲ. ರಾಜ್ಯಗಳನ್ನು ತಾಯಂದಿರಾಗಿ ಮಾಡಿದರೆ ಅವುಗಳಿಂದ ಲೆಕ್ಕ ಕೇಳುವುದು ಕಷ್ಟವಾಗುತ್ತದೆ.

ಕಯ್ಯಾರ ಕಿಞ್ಞಣ್ಣ ರೈಗಳು ಈ ವಿಷಯದಲ್ಲಿ ನಮಗಿಂತ ಗಟ್ಟಿಗರು. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂದು ಅವರಷ್ಟು ದೀರ್ಘಕಾಲ ಕೂಗಿದವರು ಇನ್ನೊಬ್ಬರಿಲ್ಲ. 1915ರಲ್ಲಿ ಹುಟ್ಟಿ, 2015ರಲ್ಲಿ ನೂರು ವರ್ಷ ತುಂಬಿದ ಬಳಿಕ ತೀರಿಕೊಂಡರು. ಕೊನೆಯವರೆಗೂ ಆ ಬೇಡಿಕೆಯನ್ನು ಬಿಡಲಿಲ್ಲ. ಆದರೆ ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕುಳಿತವರೂ ಅಲ್ಲ. ಪೆರಡಾಲದ ಶಾಲೆಯಲ್ಲಿ ಪಾಠ ಹೇಳಿದರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ಕೇರಳ ಸರ್ಕಾರದ ಅಂಗವಾಗಿಯೇ ದುಡಿದರು, ಸಂಜೆ ಕವಿತೆ ಬರೆದರು. ರಾಜ್ಯವನ್ನು ಒಪ್ಪದೆ ರಾಜ್ಯಕ್ಕಾಗಿ ದುಡಿಯುವುದು ಸಾಧ್ಯವೆಂಬುದನ್ನು ಅವರಲ್ಲಿ ಕಂಡೆವು. ಈಗ ವಿಲೀನದ ಮಾತು ರಾಜ್ಯೋತ್ಸವಕ್ಕೆ ಬರುವ ಅತಿಥಿಗಳ ಭಾಷಣದಲ್ಲಿ ಮಾತ್ರ ಉಳಿದಿದೆ. ಭಾಷಣ ಮುಗಿಸಿ ಅವರು ಕತ್ತಲಾಗುವ ಮುಂಚೆ ತಲಪಾಡಿಯನ್ನು ದಾಟುತ್ತಾರೆ.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ, ಕನ್ನಡ ಪದ್ಯವಾಚನವೂ ಒಂದು ಸ್ಪರ್ಧೆಯೆಂಬುದನ್ನು ಕರ್ನಾಟಕದ ಓದುಗರಲ್ಲಿ ಅನೇಕರು ತಿಳಿದಿರಲಾರರು. ಹಾಗಾಗಿ ತೆಂಕಣ ಜಿಲ್ಲೆಗಳ ಶಾಲೆಗಳೂ ಯಕ್ಷಗಾನದ ತಂಡವನ್ನು ಕಟ್ಟುತ್ತವೆ. ಅವರಿಗೆ ಕಲಿಸಲು ಇಲ್ಲಿಂದ ಗುರುಗಳು ಹೋಗುತ್ತಾರೆ. 2019ರಲ್ಲಿ ಕಲೋತ್ಸವ ನಮ್ಮ ಜಿಲ್ಲೆಯ ಕಾಞ್ಞಂಗಾಡಿನಲ್ಲಿ ನಡೆದಾಗ ನಾನು ನೋಡಲು ಹೋಗಿದ್ದೆ. ಚೌಕಿಯಲ್ಲಿ ದಕ್ಷಿಣದ ಯಾವುದೋ ಊರಿನ ಹುಡುಗನೊಬ್ಬ ಅರ್ಜುನನ ವೇಷದಲ್ಲಿ ಕುಳಿತು, ಮಲಯಾಳ ಲಿಪಿಯಲ್ಲಿ ಬರೆದುಕೊಂಡ ಕನ್ನಡದ ಅರ್ಥವನ್ನು ಬಾಯಿಪಾಠ ಮಾಡುತ್ತಿದ್ದ. ‘ಎಲೈ ಸಾರಥಿ’ ಎಂಬುದನ್ನು ಅವನಷ್ಟು ಸ್ಪಷ್ಟವಾಗಿ ನನ್ನ ಶಿಷ್ಯರಲ್ಲಿ ಹಲವರು ಹೇಳಲಾರರು. ನಾನು ಕನ್ನಡ ಮೇಷ್ಟರೆಂದು ಯಾರೋ ಹೇಳಿದುದನ್ನು ಕೇಳಿ ಕಾಗದವನ್ನು ನನ್ನ ಕಡೆಗೆ ಚಾಚಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ಇದರ ಅರ್ಥವೇನೆಂದು ಮಲಯಾಳದಲ್ಲಿ ಕೇಳಿದ. ಹೇಳಿಕೊಟ್ಟೆ, ಮಲಯಾಳದಲ್ಲಿಯೇ. ಚೆಂಡೆಯ ಪೆಟ್ಟು ಕೇಳಿಸಿತು. ಅವನು ಕಿರೀಟವನ್ನು ಸರಿಪಡಿಸಿಕೊಂಡು ರಂಗಸ್ಥಳಕ್ಕೆ ನಡೆದ.